ಹೊಟ್ಟೆಯ ಗೋಡೆ ಮತ್ತು ನಮ್ಮ ವಯಸ್ಸು

ಕಳೆದ ವರ್ಷ ನಮ್ಮ ಬೀದಿಯ ಒಂದು ಮನೆಯಲ್ಲಿ ಗಂಡು ಮಗು ಹುಟ್ಟಿತು. ಹುಟ್ಟುವಾಗಲೇ ಅದರ ಕರುಳು ಹೊಟ್ಟೆಯಿಂದ ಹೊರಗಿತ್ತು. ತಾಯಿಗೆ 19 ವರ್ಷ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಆಕೆಯ ನಿಕಾಹ್ ಆಗಿತ್ತು. ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಂಗಳೂರಿಗೆ ಓಡಿದರು. ಎರಡನೇ ದಿನ ಬರಿಗೈಯಲ್ಲಿ ಬಂದರು.

ಆಮೇಲೆ ಶುರುವಾಯಿತು ವಿಚಾರಣೆ. ಗ್ರಹಣದ ದಿನ ಚಾಕು ಮುಟ್ಟಿರಬೇಕು ಎಂದರು ಒಬ್ಬರು. ಸಂಬಂಧದಲ್ಲಿ ಮದುವೆಯಾದರೆ ಹೀಗೇ ಎಂದರು ಇನ್ನೊಬ್ಬರು. ನಾನು ಆಪಾ ಎಂದು ಕರೆಯುವ ಆಕೆ ಗ್ರಹಣದ ದಿನ ಹಾಸಿಗೆ ಬಿಟ್ಟು ಎದ್ದೇ ಇರಲಿಲ್ಲ. ಗಂಡ ದೂರದ ಊರಿನವರು, ಸಂಬಂಧಿಯೂ ಅಲ್ಲ. ಆದರೂ ಎಲ್ಲರ ಬೆರಳು ಅವಳ ಕಡೆಗೇ.

ಪುಸ್ತಕ ತೆಗೆದು ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು. ಗರ್ಭದಲ್ಲಿ ಸುಮಾರು ಆರನೇ ವಾರದಲ್ಲಿ ಎಲ್ಲ ಮಕ್ಕಳ ಕರುಳೂ ಹೊಕ್ಕುಳಬಳ್ಳಿಯೊಳಕ್ಕೆ ಹೊರಚಾಚುತ್ತದೆ, ನನ್ನದೂ ನಿಮ್ಮದೂ ಹಾಗೆ ಹೋಗಿತ್ತು. ಹತ್ತರಿಂದ ಹನ್ನೆರಡನೇ ವಾರದೊಳಗೆ ಒಳಗೆ ಮರಳುತ್ತದೆ. ಅದು ಮರಳದೆ ತೆಳುವಾದ ಪೊರೆಯ ಚೀಲದಲ್ಲೇ ಉಳಿದರೆ ಅದಕ್ಕೆ ಓಂಫಲೋಸೀಲ್ ಎನ್ನುತ್ತಾರೆ. ಇದರ ಜೊತೆಗೆ ಹೃದಯದ ದೋಷವೋ ವರ್ಣತಂತುಗಳ ದೋಷವೋ ಇರುವುದು ಸಾಮಾನ್ಯ. ಗ್ಯಾಸ್ಟ್ರೋಸ್ಕೈಸಿಸ್ ಬೇರೆಯದೇ ಸಂಗತಿ. ಹೊಕ್ಕುಳ ಪಕ್ಕದಲ್ಲಿ, ಸಾಮಾನ್ಯವಾಗಿ ಬಲಗಡೆ, ಹೊಟ್ಟೆಯ ಗೋಡೆಯಲ್ಲೇ ಒಂದು ತೂತು ಉಳಿದು ಕರುಳು ಯಾವ ಹೊದಿಕೆಯೂ ಇಲ್ಲದೆ ಹೊರಬರುತ್ತದೆ. ಇಂಥ ಮಗುವಿಗೆ ಹೆಚ್ಚಾಗಿ ಬೇರೆ ದೋಷವೇ ಇರುವುದಿಲ್ಲ. ಕರುಳು ಒಳಗೆ ಸೇರಿದರೆ ನಮ್ಮ ನಿಮ್ಮಂತೆ ಬೆಳೆಯುತ್ತದೆ. ಆಪಾಳ ಮಗುವಿಗಿದ್ದದ್ದು ಇದೇ.

ಗ್ಯಾಸ್ಟ್ರೋಸ್ಕೈಸಿಸ್ ಅನೇಕ ದೇಶಗಳಲ್ಲಿ ದಶಕಗಳಿಂದ ಏರುತ್ತಿದೆ. ಅಮೆರಿಕದ 14 ರಾಜ್ಯಗಳ ಲೆಕ್ಕದಲ್ಲಿ 1995ರಿಂದ 2005ರವರೆಗೆ ಹತ್ತು ಸಾವಿರ ಜನನಗಳಿಗೆ 3.6 ಇದ್ದದ್ದು 2006ರಿಂದ 2012ರ ಹೊತ್ತಿಗೆ 4.9 ಆಯಿತು. ಏಕೆ ಏರುತ್ತಿದೆ ಎಂಬುದು ವಿಜ್ಞಾನಿಗಳಿಗೂ ಪೂರ್ತಿ ಬಗೆಹರಿದಿಲ್ಲ. ಆದರೆ ಒಂದು ಅಂಶ ದೇಶದಿಂದ ದೇಶಕ್ಕೆ ಮತ್ತೆ ಮತ್ತೆ ಕಂಡುಬಂದಿದೆ: ತಾಯಿಯ ವಯಸ್ಸು. ಇಪ್ಪತ್ತರೊಳಗಿನ ತಾಯಂದಿರಲ್ಲಿ ಇದು ಹಿರಿಯ ತಾಯಂದಿರಿಗಿಂತ ಹಲವು ಪಟ್ಟು ಹೆಚ್ಚು. ಗರ್ಭಿಣಿಯ ಧೂಮಪಾನ, ಗರ್ಭದ ಮೊದಲ ದಿನಗಳ ಮೂತ್ರದ ಸೋಂಕು ಇವೂ ಪಟ್ಟಿಯಲ್ಲಿವೆ. ಗ್ರಹಣ ಇಲ್ಲ.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಚಿಕ್ಕ ವಯಸ್ಸಿನ ತಾಯಂದಿರಲ್ಲೂ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ನಮ್ಮ ತರಗತಿಯಲ್ಲಿ ಕೂತಿರುವ ಹುಡುಗಿಯರ ವಯಸ್ಸು ಎಷ್ಟು? ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಆಪಾಳ ಮದುವೆ ಕಾನೂನಿನ ಪ್ರಕಾರ ಸರಿಯೇ ಇತ್ತು. ಆದರೆ 18 ಎಂಬುದು ಮದುವೆಗೆ ಕಾನೂನು ಹಾಕಿದ ಗೆರೆ, ದೇಹದ ಗೆರೆಯಲ್ಲ. "ಹದಿನೆಂಟಾಯಿತಲ್ಲ, ಇನ್ನೇನು" ಎನ್ನುವ ಹಿರಿಯರಿಗೆ ಇದನ್ನು ಯಾರು ಹೇಳಬೇಕು? ನಾವು ಹೇಳಿದರೆ ಎದುರುತ್ತರ ಎನ್ನುತ್ತಾರೆ. ಉಪನ್ಯಾಸಕರು ಪೋಷಕರ ಸಭೆಯಲ್ಲಿ ಹೇಳಿದರೆ ಕೇಳುತ್ತಾರೆ. ಮದುವೆಯಾದರೂ ಮೊದಲ ಮಗುವನ್ನು ಒಂದೆರಡು ವರ್ಷ ಮುಂದೂಡಬಹುದು ಎಂಬ ಮಾತನ್ನೂ ಅಲ್ಲೇ ಆಡಬಹುದು.

ನನಗೆ ನಿಜವಾಗಿ ಸಿಟ್ಟು ಬರಿಸಿದ ಸಂಗತಿ ಇನ್ನೊಂದಿದೆ. 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಲವು ದೇಶಗಳ ಆಸ್ಪತ್ರೆಗಳ ಅಧ್ಯಯನ ಬಂತು. ಗ್ಯಾಸ್ಟ್ರೋಸ್ಕೈಸಿಸ್ ಇದ್ದ ಮಕ್ಕಳಲ್ಲಿ ಶ್ರೀಮಂತ ದೇಶಗಳಲ್ಲಿ ಸತ್ತವರು ನೂರಕ್ಕೆ ಇಬ್ಬರಿಗಿಂತ ಕಡಿಮೆ, ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 32, ಬಡ ದೇಶಗಳಲ್ಲಿ 90. ಕಾಯಿಲೆ ಒಂದೇ. ನಮ್ಮ ಕನಕಪುರದಿಂದ ಬೆಂಗಳೂರಿಗೆ 55 ಕಿಲೋಮೀಟರ್ ಆಸುಪಾಸು. ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಶಸ್ತ್ರಚಿಕಿತ್ಸಕರಿದ್ದಾರೆ. ಅಷ್ಟು ದೂರದಲ್ಲಿ ಮಗು ತಣ್ಣಗಾಗುತ್ತದೆ, ಬಯಲಾದ ಕರುಳಿನಿಂದ ನೀರು ಆರಿಹೋಗುತ್ತದೆ, ಸೋಂಕು ತಗಲುತ್ತದೆ. ಬಟ್ಟೆ ಸುತ್ತಿದರೆ ಒದ್ದೆ ಬಟ್ಟೆ ಮಗುವನ್ನು ಇನ್ನಷ್ಟು ತಣ್ಣಗಾಗಿಸಿ ಕರುಳಿಗೆ ಅಂಟಿಕೊಳ್ಳುತ್ತದೆ. ಶುದ್ಧವಾದ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಎದೆಯವರೆಗೆ ಇಟ್ಟು, ಬಾಯಿಗೆ ಏನೂ ಹಾಕದೆ, ರಕ್ತನಾಳದಲ್ಲಿ ದ್ರವ ಕೊಡುತ್ತಾ, ಬೆಚ್ಚಗೆ ಸಾಗಿಸಬೇಕು. ಒಂದು ಪ್ಲಾಸ್ಟಿಕ್ ಚೀಲಕ್ಕೆ ಎಷ್ಟಾಗುತ್ತದೆ?

ಇನ್ನೂ ಮೊದಲೇ, 18ರಿಂದ 20ನೇ ವಾರದ ಸ್ಕ್ಯಾನಿನಲ್ಲಿ ಇದು ಸಾಮಾನ್ಯವಾಗಿ ಕಾಣುತ್ತದೆ. ಕಂಡಿದ್ದರೆ ಹೆರಿಗೆಯನ್ನೇ ಬೆಂಗಳೂರಿನಲ್ಲಿ ಮಾಡಿಸಬಹುದಿತ್ತು. ಆಪಾಳ ತಾಯಿ ಕಾರ್ಡಿನಲ್ಲಿ ಆ ಸ್ಕ್ಯಾನಿನ ಜಾಗ ಖಾಲಿ ಇತ್ತು. ಎಲ್ಲ ಚೆನ್ನಾಗಿದೆ, ದುಡ್ಡು ಯಾಕೆ ದಂಡ ಎಂದು ಮನೆಯವರೇ ಬಿಟ್ಟಿದ್ದರು.

2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಗುರುತಿಸಬೇಕಾದ ಹುಟ್ಟುದೋಷಗಳ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿವೆ. ಸೀಳುತುಟಿ ಇದೆ, ಹೃದಯದ ದೋಷ ಇದೆ. ಹೊಟ್ಟೆಯ ಗೋಡೆಯ ದೋಷ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಯಾರು ಎಣಿಸುತ್ತಾರೆ? ಎಣಿಸದಿದ್ದರೆ ನಮ್ಮ ತಾಲ್ಲೂಕಿನಲ್ಲಿ ಏರಿದೆಯೋ ಇಳಿದಿದೆಯೋ ಹೇಳುವುದು ಹೇಗೆ?

ಆಪಾ ಈಗ ಮತ್ತೆ ಗರ್ಭಿಣಿ. ಹೋದ ವಾರ ನನ್ನನ್ನು ಕರೆದು, ಸ್ಕ್ಯಾನ್ ಯಾವ ವಾರದಲ್ಲಿ ಎಂದಿದ್ದೆ, ಕಾರ್ಡಿನ ಮೇಲೆ ಬರೆದುಕೊಡು ಎಂದಳು. ಪೆನ್ಸಿಲಿನಲ್ಲಿ ಬೇಡ, ಪೆನ್ನಲ್ಲಿ ಬರಿ ಎಂದಳು.