ನೋವು ಹೋದರೂ ಗುಳಿಗೆ ಬಿಡದಾದಾಗ



ಕಳೆದ ಶ್ರಾವಣದಲ್ಲಿ ಪುರಾಣ ಪ್ರವಚನಕ್ಕೆಂದು ಬಸವಕಲ್ಯಾಣ ಭಾಗದ ಗೋರ್ಟಾ (ಬಿ) ಗ್ರಾಮಕ್ಕೆ ಹೋಗಿದ್ದೆವು. ನಾವು ತಂಗಿದ್ದ ಮನೆಯ ಹಿರಿಯರು ಬಹುಕಾಲದ ಹಿಂದೆ ಬಂಡಿಯಿಂದ ಬಿದ್ದು ಸೊಂಟ ನೋಯಿಸಿಕೊಂಡವರು. ವೈದ್ಯರು ಹತ್ತು ದಿನಕ್ಕೆಂದು ಬರೆದುಕೊಟ್ಟ ಟ್ರಮಡಾಲ್ ಗುಳಿಗೆ ಎರಡು ವರ್ಷ ನಡೆದಿತ್ತು. ಪ್ರಾತಃಕಾಲದಲ್ಲಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವ ಮುನ್ನ ಅವರ ಕೈ ಗುಳಿಗೆಯ ಡಬ್ಬಿಯನ್ನು ಅರಸುತ್ತಿತ್ತು. "ಗುರುಗಳೇ, ಮಾವನವರು ಗುಳಿಗೆ ಬಚ್ಚಿಡುತ್ತಾರೆ, ಕೇಳಿದರೆ ಸಿಟ್ಟಾಗುತ್ತಾರೆ" ಎಂದು ಸೊಸೆ ಅಳುಕುತ್ತ ನುಡಿದಳು.

ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಇದನ್ನು ಮನೋದೌರ್ಬಲ್ಯವೆಂದೇ ಭಾವಿಸಿ, ಇಂದೇ ಬಿಟ್ಟುಬಿಡಿರೆಂದು ಲಿಂಗದ ಮೇಲೆ ಆಣೆ ಮಾಡಿಸಿದೆವು. ಅವರು ನಿಷ್ಠರು, ಬಿಟ್ಟರು. ಮರುದಿನವೇ ಬೆವರು, ನಡುಕ, ವಾಂತಿ, ಭೇದಿ ತೊಡಗಿ ಕಣ್ಣಿಗೆ ನಿದ್ರೆ ಹತ್ತಲಿಲ್ಲ. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು, "ಇಂಥ ಗುಳಿಗೆಯನ್ನು ಥಟ್ಟನೆ ಬಿಡಿಸಬಾರದು, ಹಂತಹಂತವಾಗಿ ತಗ್ಗಿಸಬೇಕು" ಎಂದರು. ಹಿರಿಯರೆದುರು ನಾವು ತಲೆತಗ್ಗಿಸಿದೆವು.

ಟ್ರಮಡಾಲ್, ಟಪೆಂಟಡಾಲ್, ಕೊಡೀನ್ ಮೊದಲಾದವು ಅಫೀಮಿನಂತೆ ಮಿದುಳಿನ ಮೇಲೆ ಪರಿಣಾಮ ಬೀರುವ ಔಷಧಗಳು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಈ ಬಗೆಯದಲ್ಲ. ಟ್ರಮಡಾಲನ್ನು ಕೇಂದ್ರ ಸರ್ಕಾರವು 2018ರಲ್ಲಿ ಮಾದಕದ್ರವ್ಯಗಳ ಕಾಯಿದೆಯ ವ್ಯಾಪ್ತಿಗೆ ತಂದಿತು. ವೈದ್ಯರು ಹೇಳಿದಂತೆಯೇ ಸೇವಿಸಿದರೂ ದೇಹವು ಇವಕ್ಕೆ ಒಗ್ಗಿಹೋಗಬಹುದು. ಅದು ಪಾಪವಲ್ಲ, ಔಷಧದ ಗುಣ.

ಮನೆಯವರು ಗಮನಿಸಬೇಕಾದ ಲಕ್ಷಣಗಳಿವು: ಮೊದಲಿನ ಪ್ರಮಾಣ ಸಾಲದಾಗುವುದು, ವೈದ್ಯರು ಹೇಳಿದ ಅವಧಿಗೆ ಮುನ್ನವೇ ಗುಳಿಗೆ ತೀರುವುದು, ಒಬ್ಬರಿಗೆ ತಿಳಿಯದಂತೆ ಮತ್ತೊಬ್ಬ ವೈದ್ಯರಲ್ಲಿ ಬರೆಸುವುದು, ಹೊತ್ತು ತಪ್ಪಿದರೆ ಆಕಳಿಕೆ, ಬೆವರು, ಮೈಕೈ ನೋವು, ಚಡಪಡಿಕೆ, ಹಗಲೆಲ್ಲ ಮಂಪರು, ಕಾಯಕದಲ್ಲಿ ನಿರಾಸಕ್ತಿ, ಬಚ್ಚಿಡುವುದು, ಸುಳ್ಳು ಹೇಳುವುದು. ನೋವಿಗಾಗಿ ಗುಳಿಗೆಯೋ, ಗುಳಿಗೆಗಾಗಿ ನೋವೋ ಎಂಬ ಸಂಶಯ ಬಂದೊಡನೆ ಬೈಯದೆ, ಅಡಗಿಸಿಡದೆ, ಚೀಟಿ ಗುಳಿಗೆಗಳೊಡನೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಣವಿಲ್ಲದೆ ಕರೆ ಮಾಡಬಹುದು. ಆದರೆ ಕ್ಯಾನ್ಸರಿನಂಥ ಘೋರ ವೇದನೆಯಲ್ಲಿರುವವರಿಗೆ ವೈದ್ಯರು ಕೊಡುವ ಔಷಧವನ್ನು ಈ ಭಯದಿಂದ ತಪ್ಪಿಸಬೇಡಿರಿ.

ಕಾಯವಿದ್ದರೆ ಕಾಯಕ. ಆ ಹಿರಿಯರ ಗುಳಿಗೆ ಈಗ ಅರ್ಧಕ್ಕಿಳಿದಿದೆ. ಡಬ್ಬಿ ಸೊಸೆಯ ಕೈಯಲ್ಲಿದೆ. ಅದನ್ನು ಕೊಟ್ಟವರು ಅವರೇ. ಆಣೆ ಮಾಡದ್ದನ್ನು ಆ ನಂಬಿಗೆ ಮಾಡುತ್ತಿದೆ.