ಒಂದು ಕೋಣೆ, ಒಬ್ಬರೇ ಮೇಷ್ಟ್ರು

ನಾನು ಅಕ್ಷರ ಕಲಿತದ್ದು ಒಂದೇ ಕೋಣೆಯ ಹಳ್ಳಿಯ ಶಾಲೆಯಲ್ಲಿ. ನಾಲ್ಕು ತರಗತಿಗಳಿಗೆ ಒಬ್ಬರೇ ಮೇಷ್ಟ್ರು. ಅವರು ಮೂರನೆಯ ತರಗತಿಗೆ ಹೇಳಿಕೊಡುತ್ತಿದ್ದ ಪದ್ಯ ಎರಡನೆಯ ತರಗತಿಯಲ್ಲಿದ್ದ ನನಗೂ ಬಾಯಿಪಾಠವಾಗಿಬಿಡುತ್ತಿತ್ತು. ಮೊನ್ನೆ ಊರಿಗೆ ಹೋದಾಗ ಆ ಶಾಲೆಗೆ ಬೀಗ ಬಿದ್ದಿತ್ತು. ಮಕ್ಕಳ ಸಂಖ್ಯೆ ಸಾಲದೆಂದು ಹಳ್ಳದಾಚೆಯ ಶಾಲೆಯೊಡನೆ ಸೇರಿಸಿದ್ದಾರಂತೆ. "ಅಷ್ಟು ಚಿಕ್ಕ ಶಾಲೆಯಲ್ಲಿ ಏನು ವಿದ್ಯೆ ಬಂದೀತು?" ಎಂದರು ಜೊತೆಗಿದ್ದ ಮಿತ್ರರು.

ಅವರಿಗೆ ನಾನು ಬಳ್ಳಾರಿಯ ಒಂದು ಹಳೆಯ ವರದಿಯನ್ನು ನೆನಪಿಸಿದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಬಯಸಿದ ವಿವರಗಳಿಗೆ ಉತ್ತರವಾಗಿ 1823ರಲ್ಲಿ ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಬರೆದದ್ದು ಅದು. ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235. ಕಲಿಯುತ್ತಿದ್ದವರು 6,641, ಎಂದರೆ ಶಾಲೆಗೆ ಸುಮಾರು ಹನ್ನೆರಡು ಮಂದಿ. ಬೆಳಗ್ಗೆ ಮೊದಲು ಬಂದವನ ಅಂಗೈಯಲ್ಲಿ 'ಸರಸ್ವತಿ' ಎಂದು ಬರೆಯುತ್ತಿದ್ದರು. ತಡವಾಗಿ ಬಂದವರಿಗೆ ಏಟು. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಈ ಕ್ರಮವನ್ನು ಕ್ಯಾಂಬೆಲ್ ಬಹುವಾಗಿ ಮೆಚ್ಚಿದ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದ.

ಆದರೆ ಹಳೆಯದನ್ನು ಹೊಗಳುವವರು ಅದೇ ವರದಿಯ ಇನ್ನೊಂದು ಅಂಕಿಯನ್ನೂ ಓದಬೇಕು. ಆ 6,641ರಲ್ಲಿ ಹೆಣ್ಣುಮಕ್ಕಳು ಕೇವಲ 60! ಕೋಣೆ ಕಿರಿದಾಗಿದ್ದುದನ್ನು ಕ್ಷಮಿಸಬಹುದು; ಅದರ ಬಾಗಿಲು ಎಲ್ಲರಿಗೂ ತೆರೆಯದಿದ್ದುದನ್ನು ಕ್ಷಮಿಸಲಾಗದು.

ಬಾಗಿಲು ಮೆಲ್ಲಮೆಲ್ಲನೆ ತೆರೆಯಿತು. 1987ರ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಯೋಜನೆ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಉಪಾಧ್ಯಾಯರು ಬೇಕೆಂದಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೂ ಇಬ್ಬರು ಉಪಾಧ್ಯಾಯರನ್ನು ವಿಧಿಸಿತು. ಇತ್ತ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ 'ನಲಿ-ಕಲಿ' ಕ್ರಮ, ಕಿರಿಯ ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಹಳೆಯ ಕೋಣೆಯ ಗುಣಕ್ಕೆ ಹೊಸ ಶಿಸ್ತು ಕೊಟ್ಟಿತು.

ದೊಡ್ಡ ಶಾಲೆ ಬೇಡವೆಂಬ ವಾದ ನನ್ನದಲ್ಲ. ನಾಲ್ಕು ತರಗತಿಗಳ ಹೊರೆಯನ್ನು ಒಬ್ಬರ ಹೆಗಲಿಗೇರಿಸುವುದು ಅನ್ಯಾಯವೇ. ನಮ್ಮ ಮೇಷ್ಟ್ರಿಗೆ ಜ್ವರ ಬಂದರೆ ಊರಿನ ವಿದ್ಯೆಗೇ ಜ್ವರ ಬಂದಂತಾಗುತ್ತಿತ್ತು. ಆದರೆ ಬೀಗ ಹಾಕುವ ಮುನ್ನ ಒಂದು ಮಾತು ಕೇಳಬೇಕು: ಮಳೆಗಾಲದಲ್ಲಿ ಆರು ವರುಷದ ಹುಡುಗಿಯನ್ನು ಹಳ್ಳ ದಾಟಿಸಿ ಯಾರು ಶಾಲೆಗೆ ಕಳಿಸಿಯಾರು? ಆ ಅರವತ್ತರ ಅಂಕಿಯನ್ನು ದಾಟಿ ಬರಲು ನಮಗೆ ಶತಮಾನವೂ ಸಾಲದಾಯಿತು. ಕೀಲಿಕೈ ಹಿಡಿದವರು ಅದನ್ನು ಮರೆಯದಿರಲಿ.