ಬೆಣ್ಣೆ ಬೆಳ್ಳಗಾಗೋವರೆಗೆ

ಕಳೆದ ಏಪ್ರಿಲ್‌ನಲ್ಲಿ ನಮ್ಮ ರೂಮಿನ ನಾಲ್ಕೂ ಜನ ಸೇರಿ, ನಮ್ಮಲ್ಲೊಬ್ಬನ ಅಮ್ಮನ ಐವತ್ತನೇ ಹುಟ್ಟುಹಬ್ಬಕ್ಕೆ ರಾಯಚೂರಿನ ಅವರ ಮನೆಯಲ್ಲೇ ಕೇಕ್ ಮಾಡಿದ್ವಿ. ಮಾಡಿದ್ವಿ ಅನ್ನೋದಕ್ಕಿಂತ ಕೆಡಿಸಿದ್ವಿ ಅನ್ನಬೇಕು. ಓವನ್‌ನಿಂದ ಹೊರಬಂದದ್ದು ಉಬ್ಬದೇ ಕೂತ, ತಳದಲ್ಲಿ ಜಿಡ್ಡು ಇಳಿದ ಹಲ್ವಾ. ಅಮ್ಮ ಮಾತ್ರ "ಚಲೋ ಆಗ್ಯದಪ್ಪ" ಅಂತ ಎರಡು ತುಂಡು ತಿಂದ್ರು. ನಮಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ.

ಮೊದಲು ಬೈದದ್ದು ಬೇಕಿಂಗ್ ಪೌಡರ್‌ಗೆ, ಆಮೇಲೆ ಓವನ್‌ಗೆ. ಈಗ ಹೇಳ್ತೀವಿ, ತಪ್ಪು ಎರಡರದ್ದೂ ಅಲ್ಲ. ಬೆಣ್ಣೆಗೆ ಸಕ್ಕರೆ ಹಾಕಿ ಕಲಸಿದಾಗಲೇ ಕೇಕ್ ಕೆಟ್ಟಾಗಿತ್ತು.

ಕ್ರೀಮಿಂಗ್ ಅಂದ್ರೆ ಬರೀ ಮಿಕ್ಸ್ ಮಾಡೋದು ಅಂದ್ಕೊಂಡಿದ್ವಿ. ಹಾಗಲ್ಲ. ಸಕ್ಕರೆ ಹರಳಿನ ಚೂಪು ಅಂಚುಗಳು ಬೆಣ್ಣೆಯೊಳಗೆ ಗಾಳಿಯನ್ನ ಎಳ್ಕೊಂಡು ಹೋಗ್ತವೆ. ಕೊಬ್ಬು ಆ ಗಾಳಿಯನ್ನ ಸಣ್ಣ ಸಣ್ಣ ಗುಳ್ಳೆಗಳಾಗಿ ಹಿಡಿದಿಡುತ್ತೆ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಹುಟ್ಟಿಸಲ್ಲ. ಅದು ಬಿಡೋ ಕಾರ್ಬನ್ ಡೈಆಕ್ಸೈಡ್ ಆಗಲೇ ಇರೋ ಗುಳ್ಳೆಗಳನ್ನ ಉಬ್ಬಿಸುತ್ತೆ, ಅಷ್ಟೇ. ಗುಳ್ಳೆನೇ ಇಲ್ಲದಿದ್ರೆ ಪೌಡರ್ ಎಷ್ಟು ಸುರಿದ್ರೂ ಬಾಯಿ ಕಹಿ. ನ್ಯೂಕ್ಲಿಯೇಶನ್ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವರು ನಾವು, ಅಡುಗೆಮನೆಯಲ್ಲಿ ಒಬ್ಬನಿಗೂ ನೆನಪಾಗಲಿಲ್ಲ.

ನಮ್ಮ ದೊಡ್ಡ ಜಗಳ ಇರೋದು 'ರೂಮ್ ಟೆಂಪರೇಚರ್' ಅನ್ನೋ ಮಾತಿನ ಜೊತೆ. ಯಾರ ರೂಮು ಸ್ವಾಮಿ? ಚಳಿ ದೇಶದಲ್ಲಿ ಕೂತು ರೆಸಿಪಿ ಬರೆದವರಿಗೆ ಅದು 20 ಡಿಗ್ರಿ. ರಾಯಚೂರಿನ ಏಪ್ರಿಲ್ 40 ದಾಟುತ್ತೆ; ಬೆಣ್ಣೆ 35ರ ಹೊತ್ತಿಗೆಲ್ಲ ಕರಗಿ ನೀರಾಗಿರುತ್ತೆ. ಕರಗಿದ ಬೆಣ್ಣೆಯಲ್ಲಿ ಗಾಳಿ ನಿಲ್ಲಲ್ಲ. ಫ್ರಿಜ್‌ನಿಂದ ಆಗತಾನೇ ತೆಗೆದದ್ದು ಕಲ್ಲು, ಅದರೊಳಗೆ ಗಾಳಿ ಹೋಗೋದೇ ಇಲ್ಲ. ಬೇಕಾಗಿರೋದು ಸುಮಾರು 18ರಿಂದ 20 ಡಿಗ್ರಿ. ಬೆರಳಿಂದ ಒತ್ತಿದ್ರೆ ಗುಳಿ ಬೀಳಬೇಕು, ಆದ್ರೆ ಬೆರಳು ಹೂತು ಹೋಗಬಾರದು. ಹೊಳೆಯೋಕೆ ಶುರುವಾಯ್ತು ಅಂದ್ರೆ ಬಟ್ಟಲನ್ನ ತಣ್ಣೀರಿನ ಪಾತ್ರೆಯಲ್ಲಿ ಇಳಿಸಿ.

ಸಕ್ಕರೆ ನಮ್ಮಲ್ಲಿ ದಪ್ಪ ಹರಳು. ಮಿಕ್ಸಿಯಲ್ಲಿ ಒಂದೆರಡು ಸುತ್ತು ಸಾಕು, ಪೂರ್ತಿ ಪುಡಿ ಮಾಡಿದ್ರೆ ಗಾಳಿ ಎಳೆಯೋಕೆ ಅಂಚೇ ಉಳಿಯಲ್ಲ.

ಎಣ್ಣೆ ಹಾಕಿ ಮಾಡಿದ್ರೆ ಈ ರಗಳೆಯೇ ಇಲ್ಲ ಅನ್ನೋರಿದ್ದಾರೆ. ನಿಜ, ಆದ್ರೆ ಅದು ಬೇರೆ ಕೇಕು. ಬೆಣ್ಣೆಯ ರುಚಿ ಎಲ್ಲಿಂದ ತರ್ತೀರಾ?

ವಿಡಿಯೋಗಳ ಮೇಲೂ ನಮಗೆ ಸಿಟ್ಟಿದೆ. ಹತ್ತು ನಿಮಿಷದ ಕೆಲಸವನ್ನ ಮೂರು ಸೆಕೆಂಡಿಗೆ ಕತ್ತರಿಸಿ ತೋರಿಸ್ತಾರೆ. ಹಳದಿ ಬೆಣ್ಣೆ ಕಣ್ಣು ಮಿಟುಕಿಸೋದ್ರಲ್ಲಿ ಬಿಳಿ! ನಮ್ಮಲ್ಲಿ ಇನ್ನೊಬ್ಬನ ಅಜ್ಜಿ ಇದನ್ನ ಕೇಳಿ ಫೋನಲ್ಲೇ ನಕ್ಕರು. ಅವರು ಓವನ್ನೇ ಮುಟ್ಟಿದವರಲ್ಲ. ಕೆಂಡದ ಮೇಲೆ ನಾನ್‌ಖಟಾಯಿ ಮಾಡೋವಾಗ ಗಟ್ಟಿ ತುಪ್ಪ, ಸಕ್ಕರೆ ತಟ್ಟೆಗೆ ಹಾಕಿ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡ್ತಿದ್ರಂತೆ. "ಕೈ ನೋಯ್ತು ಅಂತ ನಿಲ್ಲಿಸಿದ್ರೆ ಬಿಸ್ಕತ್ತು ಕಲ್ಲಾಗತ್ತೆ ಕಣೋ" ಅಂದ್ರು. ನಾವು ರಾಯಚೂರಲ್ಲಿ ಎರಡೇ ನಿಮಿಷಕ್ಕೆ ನಿಲ್ಲಿಸಿದ್ವಿ.

ದಸರಾ ರಜೆಗೆ ಮತ್ತೆ ರಾಯಚೂರಿಗೆ ಹೊರಟಿದ್ದೀವಿ. ಬೆಳಿಗ್ಗೆ ಐದಕ್ಕೇ ಎದ್ದು ಬೆಣ್ಣೆ ಹಿಡಿಯೋದು, ತಲಾ ಮೂರು ನಿಮಿಷ ಒಬ್ಬೊಬ್ಬರ ಪಾಳಿ. ಅಮ್ಮನಿಗೆ ಇನ್ನೂ ಹೇಳಿಲ್ಲ.